ಹಾಡು ನಿಮ್ಮದೇ, ಆದರೆ ಅದು ಯಾರ ಕೈಯಲ್ಲಿದೆ?

2019ರ ಮಾರ್ಚ್‌ನಲ್ಲಿ ಮೈಸ್ಪೇಸ್ ಎಂಬ ಸೋಶಿಯಲ್ ಮೀಡಿಯಾ ತಾಣ ಒಂದು ವಿಷಯ ಒಪ್ಪಿಕೊಂಡಿತು. ಸರ್ವರ್ ಬದಲಾಯಿಸುವಾಗ ಹಳೆಯ ಹಾಡುಗಳು ಅಳಿಸಿಹೋಗಿವೆ, ವಾಪಸ್ ತರಲು ಆಗುವುದಿಲ್ಲ ಎಂದು. 2003ರಿಂದ 2015ರವರೆಗೆ ಜನ ಅಲ್ಲಿ ಹಾಕಿದ್ದ ಹಾಡುಗಳು ಅವು. ಸುಮಾರು 1.4 ಕೋಟಿ ಕಲಾವಿದರ 5 ಕೋಟಿಗೂ ಜಾಸ್ತಿ ಹಾಡುಗಳು ಎಂದು ಆಗ ಸುದ್ದಿಯಲ್ಲಿ ಬಂತು.

ಆ ಕಾಲ ನೆನಪಿದ್ದವರಿಗೆ ಇದು ಎಷ್ಟು ದೊಡ್ಡ ಪೆಟ್ಟು ಎಂದು ಗೊತ್ತಾಗುತ್ತದೆ. ಸ್ವಂತವಾಗಿ ಹಾಡು ಕಟ್ಟುವವರು ಅಂದರೆ ಮೈಸ್ಪೇಸ್‌ನಲ್ಲಿ ಒಂದು ಪುಟ ಇರಲೇಬೇಕು ಅನ್ನುವಂತಿದ್ದ ದಿನಗಳು. ಹಾಡೂ ಅಲ್ಲೇ, ಕೇಳುಗರೂ ಅಲ್ಲೇ, ಅವರ ಜೊತೆಗಿನ ಮಾತುಕತೆಯೂ ಅಲ್ಲೇ. ಮೂಲ ಫೈಲುಗಳನ್ನು ತಮ್ಮ ಬಳಿ ಇಟ್ಟುಕೊಂಡಿದ್ದವರು ಅವನ್ನು ಬೇರೆ ಕಡೆ ಹಾಕಿ ಮುಂದೆ ನಡೆದರು. ಇಟ್ಟುಕೊಳ್ಳದವರ ಹರೆಯದ ಕೆಲಸವೆಲ್ಲ ಹೋಯಿತು.

ನನ್ನನ್ನು ಮಾತಾಡಿಸಲು ಬರುವ ಎಳೆಯ ಸಂಗೀತಗಾರರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. ನನ್ನ ಹಾಡು ಜಾಸ್ತಿ ಜನಕ್ಕೆ ತಲುಪುವುದು ಹೇಗೆ? ಕೇಳಬೇಕಾದ ಪ್ರಶ್ನೆಯೇ. ಆದರೆ ನಲವತ್ತು, ಐವತ್ತು, ಅರವತ್ತರಲ್ಲೂ ಹಾಡಿಕೊಂಡೇ ಇರಬೇಕು ಅನ್ನುವ ಆಸೆ ಇದ್ದರೆ ಇನ್ನೊಂದನ್ನೂ ಕೇಳಿಕೊಳ್ಳಬೇಕಾಗುತ್ತದೆ. ನಾಳೆ ಈ ಕಂಪನಿ ಬಾಗಿಲು ಹಾಕಿದರೆ, ಜೊತೆಗಾರ ಬ್ಯಾಂಡ್ ಬಿಟ್ಟು ಹೋದರೆ, ನನ್ನ ಗಂಟಲು ಆರು ತಿಂಗಳು ಕೈಕೊಟ್ಟರೆ, ನನ್ನ ಹತ್ತಿರ ಏನು ಉಳಿದಿರುತ್ತದೆ? ಇಷ್ಟು ವರ್ಷ ಈ ಕೆಲಸದಲ್ಲಿದ್ದು ನಾನು ಕಂಡುಕೊಂಡದ್ದು ಇಷ್ಟೇ. ಬಾಳಿಕೆ ಬರುವ ಸಂಗೀತದ ಬದುಕು ನಿಂತಿರುವುದು ಈ ಎರಡನೇ ಪ್ರಶ್ನೆಗೆ ನೀವು ಕೊಡುವ ಉತ್ತರದ ಮೇಲೆ. ಪ್ರತಿಭೆ ಇದ್ದೂ ಹತ್ತು ವರ್ಷಕ್ಕೆ ಕೈಬಿಟ್ಟವರನ್ನು ನೋಡಿದ್ದೇನೆ. ಸಾಧಾರಣ ಅನ್ನಿಸಿಕೊಂಡು ಮೂವತ್ತು ವರ್ಷ ನಿಂತವರನ್ನೂ ನೋಡಿದ್ದೇನೆ. ನಿಂತವರ ಕಪಾಟು ತೆರೆದರೆ ಅವರ ಕೆಲಸ ಅಲ್ಲಿ ಅಚ್ಚುಕಟ್ಟಾಗಿ ಕೂತಿರುತ್ತದೆ.

ಮೊದಲು ಫೈಲುಗಳ ವಿಷಯ ಹೇಳಿಬಿಡುತ್ತೇನೆ, ಬೇಗ ಮುಗಿಯುತ್ತದೆ. ರೆಕಾರ್ಡಿಂಗ್ ಆದ ಮೇಲೆ ಮೊಬೈಲಿಗೆ ಒಂದು ಎಂಪಿ3 ಬರುತ್ತದೆ. ಅದು ಕೇಳಿ ಖುಷಿಪಡಲಿಕ್ಕೆ. ಇಟ್ಟುಕೊಳ್ಳಬೇಕಾದ್ದು ಬೇರೆ. ಮಾಸ್ಟರ್‌ನ, ಅಂದರೆ ಎಲ್ಲ ಕೆಲಸ ಮುಗಿದ ಕೊನೆಯ ರೆಕಾರ್ಡಿಂಗಿನ ವೇವ್ ಫೈಲು, ದನಿ ಇಲ್ಲದ ಬರೀ ವಾದ್ಯದ ಮಿಕ್ಸ್, ಮತ್ತು ಒಂದೊಂದು ಟ್ರ್ಯಾಕನ್ನೂ ಹಾಡಿನ ಮೊದಲ ಸೆಕೆಂಡಿನಿಂದ ಕೊನೆಯವರೆಗೆ ಬೇರೆ ಬೇರೆಯಾಗಿ ತೆಗೆದ ವೇವ್ ಫೈಲುಗಳು. ರೆಕಾರ್ಡಿಂಗ್ ಸಾಫ್ಟ್‌ವೇರಿನ ಪ್ರಾಜೆಕ್ಟ್ ಫೈಲ್ ಇದೆಯಲ್ಲ, ಸಾಕು ಅಂದುಕೊಳ್ಳಬೇಡಿ. ಹತ್ತು ವರ್ಷದ ನಂತರ ಆ ಸಾಫ್ಟ್‌ವೇರಿನ ಆ ಆವೃತ್ತಿಯೂ ಇರುವುದಿಲ್ಲ, ಅದರೊಳಗೆ ಬಳಸಿದ ಪ್ಲಗಿನ್ ಎಂಬ ಪೂರಕ ಸಾಫ್ಟ್‌ವೇರುಗಳೂ ಇರುವುದಿಲ್ಲ. ವೇವ್ ಫೈಲಾದರೆ ಯಾವುದರಲ್ಲೂ ತೆರೆಯುತ್ತದೆ. ನಿಮ್ಮ ಹಾಡನ್ನು ಯಾರೋ ಸಿನಿಮಾಕ್ಕೋ ಜಾಹೀರಾತಿಗೋ ಕೇಳಿದಾಗ ಅವರು ಮೊದಲು ಕೇಳುವುದೇ ದನಿ ಇಲ್ಲದ ಮಿಕ್ಸನ್ನು. ಆಗ ಅವರಿಗೆ ಕಾಯುವಷ್ಟು ವ್ಯವಧಾನ ಇರುವುದಿಲ್ಲ. ಕಂಪ್ಯೂಟರಿನವರು ಹೇಳುವ 3-2-1 ಎಂಬ ಪದ್ಧತಿಯನ್ನೇ ಹಿಡಿಯಿರಿ. ಮೂರು ಪ್ರತಿ, ಎರಡು ಬಗೆಯ ಜಾಗದಲ್ಲಿ, ಒಂದು ಪ್ರತಿ ಮನೆಯಿಂದ ಹೊರಗೆ.

ಇನ್ನು ಹಕ್ಕಿನ ವಿಷಯ. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು.

1847ರಲ್ಲಿ ಅರ್ನೆಸ್ಟ್ ಬುರ್ಜೆ ಎಂಬ, ಹಾಡು ಕಟ್ಟುವ ಒಬ್ಬರು ಪ್ಯಾರಿಸಿನ ಒಂದು ಕೆಫೆಯಲ್ಲಿ ಕುಳಿತಿದ್ದರು. ಅಲ್ಲಿನ ವಾದ್ಯದವರು ಅವರದ್ದೇ ಹಾಡು ನುಡಿಸುತ್ತಿದ್ದರು. ಕೇಳಲು ಬಂದ ಗಿರಾಕಿಗಳಿಂದ ಕೆಫೆಗೆ ಹಣ ಬರುತ್ತಿತ್ತು, ಹಾಡು ಕಟ್ಟಿದವರಿಗೆ ಏನೂ ಇಲ್ಲ. ಬುರ್ಜೆ ತಾವು ಕುಡಿದದ್ದಕ್ಕೆ ಹಣ ಕೊಡುವುದಿಲ್ಲ ಎಂದುಬಿಟ್ಟರು. ನೀವು ನನ್ನ ಹಾಡಿಗೆ ಕೊಡದಿದ್ದ ಮೇಲೆ ನಾನು ನಿಮ್ಮ ಲೋಟಕ್ಕೆ ಯಾಕೆ ಕೊಡಲಿ ಎಂಬುದು ವಾದ. ವಿಷಯ ಕೋರ್ಟಿಗೆ ಹೋಯಿತು. ತೀರ್ಪು ಅವರ ಪರವಾಗಿ ಬಂತು. ಅದರ ಬೆನ್ನಿಗೇ 1851ರಲ್ಲಿ ಫ್ರಾನ್ಸಿನಲ್ಲಿ ಸಾಸೆಮ್ ಎಂಬ ಸಂಘ ಹುಟ್ಟಿತು. ಹಾಡು ಎಲ್ಲೆಲ್ಲಿ ಸಾರ್ವಜನಿಕವಾಗಿ ಕೇಳಿಸುತ್ತದೋ ಅಲ್ಲಿಂದ ಹಣ ಕೂಡಿಸಿ ಹಾಡು ಕಟ್ಟಿದವರಿಗೆ ಹಂಚುವ ಸಂಘ. ಅದು ಇವತ್ತಿಗೂ ಇದೆ. ಅದೇ ಬಗೆಯ ಸಂಘಗಳು ಈಗ ಬಹಳಷ್ಟು ದೇಶಗಳಲ್ಲಿವೆ.

ಈ ಕಥೆ ನನಗೆ ಇಷ್ಟವಾಗುವುದು ಬುರ್ಜೆಯ ಧೈರ್ಯಕ್ಕೆ ಮಾತ್ರ ಅಲ್ಲ. ಆಗಿನ್ನೂ ರೆಕಾರ್ಡಿಂಗ್ ಎಂಬುದೇ ಇರಲಿಲ್ಲ ನೋಡಿ. ಧ್ವನಿಮುದ್ರಣ ಹುಟ್ಟುವ ಮೊದಲೇ ಹಾಡಿಗೆ ಒಂದು ಹಕ್ಕು ಇತ್ತು. ಅಂದರೆ ಮಾತು ಮತ್ತು ರಾಗದ ಹಕ್ಕೇ ಬೇರೆ, ಆಮೇಲೆ ಬಂದ ರೆಕಾರ್ಡಿಂಗಿನ ಹಕ್ಕೇ ಬೇರೆ. ಒಂದು ಹಾಡು ಅಂತ ನಾವು ಕರೆಯುವುದರಲ್ಲಿ ಎರಡು ಆಸ್ತಿ ಇವೆ. ನೀವು ಬರೆದ ಹಾಡನ್ನು ನಾನು ಹಾಡಿ ರೆಕಾರ್ಡ್ ಮಾಡಿದರೆ, ಮೊದಲನೆಯದು ನಿಮ್ಮದು, ಎರಡನೆಯದು ನನ್ನದು.

ನೀವೇ ಬರೆದು ನೀವೇ ಹಾಡಿ ನೀವೇ ಖರ್ಚು ಮಾಡಿ ರೆಕಾರ್ಡ್ ಮಾಡಿದರೆ ಎರಡೂ ನಿಮ್ಮವೇ. ಆದರೆ ಎರಡರ ಹಣವೂ ಒಂದೇ ದಾರಿಯಲ್ಲಿ ಬರುವುದಿಲ್ಲ. ಸ್ಟ್ರೀಮಿಂಗ್ ಆ್ಯಪುಗಳಿಗೆ ಹಾಡು ತಲುಪಿಸಲು ನಾವು ಹಿಡಿಯುವ ಡಿಸ್ಟ್ರಿಬ್ಯೂಟರ್ ಸಾಮಾನ್ಯವಾಗಿ ತಂದುಕೊಡುವುದು ರೆಕಾರ್ಡಿಂಗಿನ ಹಣ ಮಾತ್ರ. ಮಾತು ಮತ್ತು ರಾಗದ ಹಣ ಬೇರೆ ಕಾಲುವೆಯಲ್ಲಿ ಹರಿದು ಆ ಸಂಘಗಳ ಹತ್ತಿರ ಹೋಗುತ್ತದೆ. ನೀವು ಅಲ್ಲಿ ಸದಸ್ಯರಾಗಿ, ಒಂದೊಂದು ಹಾಡನ್ನೂ ನಿಮ್ಮ ಹೆಸರಲ್ಲಿ ನೋಂದಾಯಿಸಿದ್ದರೆ ನಿಮಗೆ ಬರುತ್ತದೆ. ಇಲ್ಲದಿದ್ದರೆ ಅದು ಯಾರದ್ದು ಎಂದು ಗೊತ್ತಾಗದೆ ಅಲ್ಲೇ ಕೂತಿರುತ್ತದೆ, ಕೆಲವು ಕಾಲದ ನಂತರ ಬೇರೆಯವರಿಗೆ ಹಂಚಿಯೂ ಹೋಗಬಹುದು. ರೆಕಾರ್ಡಿಂಗಿಗೆ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ರಚನೆಗೆ ಇನ್ನೊಂದು ಗುರುತು. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದಿಡಿ. ಬೇಜಾರಿನ ಕೆಲಸ ಅನ್ನಿಸುತ್ತದೆ, ನಿಜ. ಆದರೆ ಡಿಸ್ಟ್ರಿಬ್ಯೂಟರ್ ಬದಲಾಯಿಸುವಾಗ ಅದೇ ಹಳೆಯ ಗುರುತನ್ನು ಕೊಟ್ಟರೆ ಹಾಡಿನ ಹಿಂದಿನ ಲೆಕ್ಕವೆಲ್ಲ ಅದರ ಜೊತೆಗೇ ಬರುವ ಸಾಧ್ಯತೆ ಜಾಸ್ತಿ. ಹೊಸದು ಕೊಟ್ಟರೆ ಆ ಹಾಡು ಸೊನ್ನೆಯಿಂದ ಶುರು.

ದೇಶದಿಂದ ದೇಶಕ್ಕೆ ನಿಯಮ ಬೇರೆ ಇರುತ್ತದೆ ಎನ್ನುವುದನ್ನೂ ಇಲ್ಲೇ ಹೇಳಬೇಕು. ಬಹಳ ಕಡೆ ರೇಡಿಯೊದಲ್ಲಿ ಹಾಡು ಬಂದರೆ ಬರೆದವರಿಗೂ ಹಾಡಿದವರಿಗೂ ಪಾಲಿದೆ. ಅಮೆರಿಕದಲ್ಲಿ ಸಾಮಾನ್ಯ ರೇಡಿಯೊ ಬರೆದವರಿಗೆ ಮಾತ್ರ ಕೊಡುತ್ತದೆ, ಹಾಡಿದವರಿಗೆ ಏನೂ ಇಲ್ಲ. ನಿಮ್ಮ ಹಾಡು ಎಲ್ಲಿ ಕೇಳಿಸುತ್ತಿದೆ ಎಂಬುದರ ಮೇಲೆ ಯಾರನ್ನು ಕೇಳಬೇಕು ಎಂಬುದೂ ಬದಲಾಗುತ್ತದೆ.

ಈಗ ಪಾಲಿನ ಕಾಗದ. ನಮ್ಮ ನಡುವೆ ಇದನ್ನು ಸ್ಪ್ಲಿಟ್ ಶೀಟ್ ಅನ್ನುತ್ತೇವೆ. ಯಾರು ಎಷ್ಟು ಮಾಡಿದರು ಎಂದು ಶೇಕಡಾ ಲೆಕ್ಕದಲ್ಲಿ ಬರೆದು ಎಲ್ಲರೂ ಸಹಿ ಹಾಕುವ ಒಂದೇ ಹಾಳೆ.

ಹೋದ ಸಲ ಒಂದು ಹಾಡಿನ ಸೆಷನ್ ಮುಗಿದಾಗ ರಾತ್ರಿಯಾಗಿತ್ತು. ಎಲ್ಲರಿಗೂ ಸುಸ್ತು. ಡ್ರಮ್ಸ್ ಹುಡುಗ ಸಿಂಬಲ್‌ಗಳನ್ನು ಚೀಲಕ್ಕೆ ಹಾಕುತ್ತಿದ್ದ, ಕೀಬೋರ್ಡಿನವರು ಕೇಬಲ್ ಸುತ್ತುತ್ತಿದ್ದರು. ನಾನು ಹಾಳೆ ತೆಗೆದು ಸ್ಪೀಕರ್ ಪೆಟ್ಟಿಗೆಯ ಮೇಲಿಟ್ಟೆ. "ಅಕ್ಕಾ, ಇನ್ನೂ ಹಾಡೇ ಹೊರಗೆ ಬಂದಿಲ್ಲ, ಇಷ್ಟು ಸಣ್ಣದಕ್ಕೆಲ್ಲ ಕಾಗದ ಯಾಕೆ?" ಎಂದ ಡ್ರಮ್ಸ್ ಹುಡುಗ. "ಸಣ್ಣದಾಗಿದ್ದಾಗಲೇ ಬರೆಯೋದು ಸುಲಭ ಕಣೋ" ಎಂದೆ. ಮಾತು ನನ್ನದು, ರಾಗದ ಹೆಚ್ಚು ಭಾಗ ನನ್ನದು. ಆದರೆ ಪಲ್ಲವಿಗೆ ಹಿಂತಿರುಗುವ ಆ ತಿರುವು ಕೀಬೋರ್ಡಿನವರು ಹುಡುಕಿದ್ದು. ಬೇಸ್ ಗಿಟಾರಿನ ಆರು ಸ್ವರದ ಒಂದು ಸಾಲು ಇದೆ, ಅದನ್ನು ತೆಗೆದರೆ ಆ ಹಾಡು ಆ ಹಾಡಾಗಿರುವುದಿಲ್ಲ. ಹಾಗಾಗಿ 60, 25, 15 ಎಂದು ಬರೆದೆವು. ಬೇಸ್ ನುಡಿಸುವವರು "ನನಗೆ ಹತ್ತು ಸಾಕು" ಎಂದರು. ಬೇಡ, ಸರಿಯಾದದ್ದನ್ನೇ ತಗೊಳ್ಳಿ ಎಂದು ಕೀಬೋರ್ಡಿನವರೇ ಒತ್ತಾಯ ಮಾಡಿದರು. ಡ್ರಮ್ಸ್ ಹುಡುಗನಿಗೆ ರಚನೆಯಲ್ಲಿ ಪಾಲಿಲ್ಲ. ಆದರೆ ರೆಕಾರ್ಡಿಂಗಿನಿಂದ ಬರುವುದರಲ್ಲಿ ಇದೆ, ಅದನ್ನು ಕೆಳಗೆ ಬೇರೆ ಸಾಲಿನಲ್ಲಿ ಬರೆದೆವು. ಅವನು ಓದಿ, ಇನ್ನೊಮ್ಮೆ ಓದಿ, ಆಮೇಲೆ ಸಹಿ ಹಾಕಿದ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಹಣ ಬರದ ಹಾಡಿಗೆ ಜಗಳ ಆಗುವುದಿಲ್ಲ. ಒಂದು ಹಾಡು ಎಲ್ಲೋ ಹಿಡಿದುಕೊಂಡು ಓಡಲು ಶುರು ಮಾಡಿದಾಗ ಒಬ್ಬೊಬ್ಬರ ನೆನಪೂ ಒಂದೊಂದು ಥರ ಆಗುತ್ತದೆ. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ, ಅದೇ ಕಷ್ಟ. ಒಳ್ಳೆಯ ಬ್ಯಾಂಡುಗಳು ಮುರಿಯುವುದನ್ನು ಹತ್ತಿರದಿಂದ ನೋಡಿದ್ದೇನೆ. ಬಹಳ ಸಲ ಕಾರಣ ಸಂಗೀತದಲ್ಲಿ ಇರಲಿಲ್ಲ.

ಕಂಪನಿಯವರ ಜೊತೆ ಒಪ್ಪಂದ ಮಾಡಿಕೊಳ್ಳಲೇಬಾರದು ಎನ್ನುವವಳು ನಾನಲ್ಲ. ಒಳ್ಳೆಯ ಕಂಪನಿಗೆ ಜನ ಗೊತ್ತಿರುತ್ತಾರೆ, ದಾರಿ ಗೊತ್ತಿರುತ್ತದೆ, ಮುಂಗಡ ಕೊಡುವ ಶಕ್ತಿ ಇರುತ್ತದೆ. ನೋಡಬೇಕಾದ್ದು, ಹಕ್ಕನ್ನು ಬರೆದುಕೊಡುತ್ತಿದ್ದೀರಾ, ಇಷ್ಟು ವರ್ಷಕ್ಕೆ ಅಂತ ಬಳಸಲು ಕೊಡುತ್ತಿದ್ದೀರಾ ಎಂಬುದನ್ನು. ಎರಡಕ್ಕೂ ಅಜಗಜಾಂತರ ಇದೆ. ಐದು ವರ್ಷದ ಲೈಸೆನ್ಸ್ ಆದರೆ ಐದು ವರ್ಷದ ನಂತರ ಹಾಡು ಮನೆಗೆ ವಾಪಸ್ ಬರುತ್ತದೆ. "ಹಕ್ಕುಸ್ವಾಮ್ಯದ ಪೂರ್ತಿ ಅವಧಿಗೆ" ಎಂದಿದ್ದರೆ ನಿಮ್ಮ ಜೀವಮಾನದಲ್ಲಿ ಬರುವುದಿಲ್ಲ ಎಂದೇ ತಿಳಿಯಿರಿ.

ಮುಂಗಡದ ಲೆಕ್ಕವನ್ನೂ ಒಮ್ಮೆ ಕೂತು ಹಾಕಿ ನೋಡಿ. ಕಂಪನಿ ನಿಮ್ಮ ಮೇಲೆ 100 ಖರ್ಚು ಮಾಡಿತು, ನಿಮ್ಮ ರಾಯಲ್ಟಿ ಶೇಕಡಾ 20 ಅಂತಿಟ್ಟುಕೊಳ್ಳಿ. ಆ 100 ತೀರಬೇಕಾದ್ದು ನಿಮ್ಮ ಪಾಲಿನಿಂದ. ಅಂದರೆ ರೆಕಾರ್ಡಿಂಗ್ 500 ದುಡಿಯುವವರೆಗೆ ನಿಮ್ಮ ಕೈಗೆ ಏನೂ ಬರುವುದಿಲ್ಲ. ಅಷ್ಟರಲ್ಲಿ ಕಂಪನಿಯ ಕೈಗೆ ಅದರ ಪಾಲಿನ 400 ಬೇರೆ ಬಂದಿರುತ್ತದೆ. ಹಕ್ಕನ್ನು ಬರೆದುಕೊಟ್ಟಿದ್ದರೆ, ಇಷ್ಟಾಗಿ ಸಾಲ ತೀರಿದ ಮೇಲೂ ಮಾಸ್ಟರ್ ಕಂಪನಿಯದ್ದೇ. ಗೃಹಸಾಲ ಪೂರ್ತಿ ಕಟ್ಟಿದ ಮೇಲೂ ಮನೆ ಬ್ಯಾಂಕಿನ ಹೆಸರಲ್ಲೇ ಇದ್ದ ಹಾಗೆ. ಇದು ಗೊತ್ತಿದ್ದು ಸಹಿ ಹಾಕುವುದಾದರೆ ಹಾಕಿ. ಗೊತ್ತಿಲ್ಲದೆ ಬೇಡ.

ಅಮೆರಿಕದ ಪಾಪ್ ಗಾಯಕ ಪ್ರಿನ್ಸ್‌ನಂಥ ದೊಡ್ಡ ಕಲಾವಿದರೂ ಇದೇ ವಿಷಯಕ್ಕೆ ವಾರ್ನರ್ ಕಂಪನಿಯ ಜೊತೆ ವರ್ಷಗಟ್ಟಲೆ ಗುದ್ದಾಡಿದರು. 1993ರಲ್ಲಿ ಹೆಸರನ್ನೇ ಬಿಟ್ಟು ಒಂದು ಚಿಹ್ನೆ ಇಟ್ಟುಕೊಂಡರು. ಕೆನ್ನೆಯ ಮೇಲೆ "ಗುಲಾಮ" ಎಂಬರ್ಥದ ಇಂಗ್ಲಿಷ್ ಪದ ಬರೆದುಕೊಂಡು ವೇದಿಕೆ ಹತ್ತಿದರು. ತಮ್ಮ ಹಳೆಯ ಮಾಸ್ಟರ್‌ಗಳ ಮೇಲೆ ಅವರಿಗೆ ಹಿಡಿತ ಸಿಕ್ಕಿದ್ದು 2014ರಲ್ಲಿ. ಇನ್ನೊಂದು ಕಡೆ ಆನಿ ಡಿಫ್ರಾಂಕೊ ಎಂಬ ಹಾಡುಗಾರ್ತಿ 1990ರಲ್ಲಿ, ಇನ್ನೂ ಇಪ್ಪತ್ತರ ಹುಡುಗಿಯಾಗಿದ್ದಾಗಲೇ, ತಮ್ಮದೇ ರೈಚಸ್ ಬೇಬ್ ಎಂಬ ಲೇಬಲ್ ಶುರು ಮಾಡಿದರು. ದೊಡ್ಡ ಕಂಪನಿಗಳು ಕರೆದರೂ ಹೋಗಲಿಲ್ಲ. ಮೂರು ದಶಕ ದಾಟಿದರೂ ಆ ಲೇಬಲ್ ನಡೆಯುತ್ತಿದೆ, ಬೇರೆಯವರ ಹಾಡುಗಳನ್ನೂ ತರುತ್ತಿದೆ. ಪ್ರಿನ್ಸ್‌ಗಿದ್ದ ಹೆಸರಿನ ಮುಂದೆ ಅವರ ಹೆಸರು ಸಣ್ಣದು. ಆದರೆ ಯಾವ ವರ್ಷ ಯಾವ ಆಲ್ಬಂ ತರಬೇಕು ಎಂದು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ.

ಕೇಳುಗರ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಯಾವಾಗಲೂ ನೆನಪಾಗುವವರು ರಾಡ್ರಿಗೆಜ್. ಅಮೆರಿಕದ ಡೆಟ್ರಾಯ್ಟ್‌ನವರು. 1970 ಮತ್ತು 1971ರಲ್ಲಿ ಎರಡು ಆಲ್ಬಂ ಮಾಡಿದರು, ಅಮೆರಿಕದಲ್ಲಿ ಯಾರೂ ಕೊಳ್ಳಲಿಲ್ಲ, ಕಂಪನಿ ಕೈಬಿಟ್ಟಿತು. ಅವರು ಹಳೆಯ ಕಟ್ಟಡ ಒಡೆಯುವ, ಮನೆ ರಿಪೇರಿ ಮಾಡುವ ಕೂಲಿ ಕೆಲಸಕ್ಕೆ ಹೋದರು. ಅತ್ತ ದಕ್ಷಿಣ ಆಫ್ರಿಕದಲ್ಲಿ ಅವೇ ಹಾಡುಗಳು ಮನೆಮಾತಾದವು. ಒಂದು ಪೀಳಿಗೆಯೇ ಅವನ್ನು ಬಾಯಿಪಾಠ ಮಾಡಿತು. ಅವರು ಸತ್ತೇ ಹೋಗಿದ್ದಾರೆ ಎಂದು ಅಲ್ಲಿನ ಜನ ನಂಬಿದ್ದರು. ತಾನು ಅಲ್ಲಿ ಇಷ್ಟು ಪ್ರಸಿದ್ಧ ಎಂದು ರಾಡ್ರಿಗೆಜ್‌ಗೆ ಗೊತ್ತಾಗಿದ್ದು 1990ರ ದಶಕದ ಕೊನೆಗೆ, ಅಭಿಮಾನಿಗಳೇ ಹುಡುಕಿಕೊಂಡು ಬಂದಾಗ. 1998ರಲ್ಲಿ ಅಲ್ಲಿಗೆ ಹೋಗಿ ಸಾವಿರಾರು ಜನರ ಮುಂದೆ ಹಾಡಿದರು. ಆ ವರ್ಷಗಳಲ್ಲಿ ಮಾರಾಟವಾದ ರೆಕಾರ್ಡುಗಳ ಹಣ ಅವರಿಗೆ ತಲುಪಿರಲಿಲ್ಲ.

ಈ ಕಥೆಯನ್ನು ಪವಾಡದ ಹಾಗೆ ಹೇಳುವುದುಂಟು. ನನಗೆ ಮಾತ್ರ ಅದು ಓದಿದಾಗಲೆಲ್ಲ ಸಂಕಟವೇ ಆಗುತ್ತದೆ. ಹಾಡು ಇತ್ತು, ಕೇಳುಗರೂ ಇದ್ದರು. ಒಬ್ಬರ ವಿಳಾಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ. ನಡುವೆ ಇದ್ದವರಿಗೆ ಅದನ್ನು ತಿಳಿಸುವ ಗರಜು ಇರಲಿಲ್ಲ.

ಈಗಲೂ ಪರಿಸ್ಥಿತಿ ತೀರಾ ಬೇರೆ ಏನಲ್ಲ. ಆ್ಯಪು ನಿಮಗೆ ಯಾವ ಊರಲ್ಲಿ ಎಷ್ಟು ಜನ ಕೇಳಿದರು ಎಂದು ತೋರಿಸುತ್ತದೆ, ಆ ಜನ ಯಾರು ಎಂದು ಹೇಳುವುದಿಲ್ಲ. ಸೋಶಿಯಲ್ ಮೀಡಿಯಾದಲ್ಲಿ ನಿಮ್ಮನ್ನು ಹಿಂಬಾಲಿಸುವವರಿಗೆ ನೀವು ಹಾಕಿದ್ದೆಲ್ಲ ಕಾಣುವುದೂ ಇಲ್ಲ. ಅಲ್ಲಿ ಇರಬೇಡಿ ಎನ್ನುವುದಿಲ್ಲ, ನಾನೂ ಇದ್ದೇನೆ. ಆದರೆ ಅಲ್ಲಿ ಸಿಕ್ಕವರನ್ನು ಅಲ್ಲಿಂದ ಮನೆಗೆ ಕರೆತರಬೇಕು. ಅಂದರೆ ಅವರು ತಾವಾಗಿ ಕೊಟ್ಟ ಇಮೇಲ್ ವಿಳಾಸ ನಿಮ್ಮ ಹತ್ತಿರ ಇರಬೇಕು. ಆ ಪಟ್ಟಿಯನ್ನು ಯಾವ ಕಂಪನಿಯೂ ಕಿತ್ತುಕೊಳ್ಳಲು ಆಗುವುದಿಲ್ಲ. ಕಲಾವಿದರು ಕೇಳುಗರಿಗೆ ನೇರವಾಗಿ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ತಾಣವನ್ನೇ ನೋಡಿ, ಸಂಗೀತಗಾರರ ಕಡೆ ಇರುವ ಜಾಗ ಎಂದೇ ಹೆಸರಾಗಿತ್ತು. ಮಾರಾಟದಲ್ಲಿ ಅದು ಹಿಡಿದುಕೊಳ್ಳುವ ಪಾಲೂ ಕಡಿಮೆ, ಕೊಂಡವರ ಇಮೇಲನ್ನೂ ಕಲಾವಿದರಿಗೆ ಕೊಡುತ್ತದೆ. ಆದರೂ 2022ರಲ್ಲಿ ಅದು ಎಪಿಕ್ ಗೇಮ್ಸ್ ಎಂಬ ವಿಡಿಯೊ ಗೇಮ್ ಕಂಪನಿಯ ಕೈಗೆ ಹೋಯಿತು, ಮರುವರ್ಷ ಸಾಂಗ್‌ಟ್ರೇಡರ್ ಎಂಬ ಇನ್ನೊಂದು ಕಂಪನಿಯ ಕೈಗೆ. ಒಳ್ಳೆಯ ಜಾಗಗಳೂ ಕೈ ಬದಲಾಗುತ್ತವೆ.

ಕಾರ್ಯಕ್ರಮ ಮುಗಿದ ಮೇಲೆ ನಾನು ನೇರ ಹೊರಬಾಗಿಲ ಹತ್ತಿರ ಹೋಗಿ ನಿಲ್ಲುತ್ತೇನೆ. ಗಿಟಾರ್ ಪೆಟ್ಟಿಗೆಗೆ ಹಾಕುವುದು, ಲೆಕ್ಕ ಮಾಡುವುದು ಎಲ್ಲ ಆಮೇಲೆ. ಕೈಯಲ್ಲಿ ಒಂದು ನೋಟ್‌ಬುಕ್, ಎರಡು ಪೆನ್ನು. ಎರಡು ಯಾಕೆ ಅಂದರೆ ಒಬ್ಬರು ಬರೆಯುವಾಗ ಹಿಂದಿನವರು ಕಾಯಬಾರದು, ಕಾದರೆ ಹೊರಟುಬಿಡುತ್ತಾರೆ. ವಿಳಾಸದ ಪಕ್ಕದಲ್ಲಿ ಯಾವ ಹಾಡು ಹಿಡಿಸಿತು ಎಂದೂ ಬರೆಯಿರಿ ಅನ್ನುತ್ತೇನೆ. ಕೆಲವರು ಹಾಡಿನ ಹೆಸರು ಗೊತ್ತಿಲ್ಲದೆ ಒಂದು ಸಾಲು ಬರೆಯುತ್ತಾರೆ. ಒಬ್ಬರು ಸುಮ್ನೆ "ಅಮ್ಮನ ಹಾಡು" ಎಂದು ಬರೆದಿದ್ದರು. ನನ್ನ ಯಾವ ಹಾಡಿನಲ್ಲೂ ಅಮ್ಮ ಎಂಬ ಮಾತೇ ಇಲ್ಲ. ಅವರು ಯಾವುದನ್ನು ಹಾಗೆ ಕೇಳಿಸಿಕೊಂಡರು ಎಂದು ಇವತ್ತಿಗೂ ಯೋಚಿಸುತ್ತೇನೆ. ಮುಂದೆ ಆ ಊರಿಗೆ ಹೋಗುವ ಮೊದಲು ಆ ಪುಟ ತೆಗೆದು ಓದಿ ಹಾಡುಗಳ ಪಟ್ಟಿ ಮಾಡುತ್ತೇನೆ. ಪತ್ರ ಬರೆಯುವುದು ಹೇಳಲಿಕ್ಕೆ ಏನಾದರೂ ಇದ್ದಾಗ ಮಾತ್ರ.

ಹತ್ತಿರದ ಕೇಳುಗರು ಏನೇನು ಮಾಡಬಲ್ಲರು ಎನ್ನುವುದಕ್ಕೆ ಮರಿಯಾ ಷ್ನೈಡರ್ ಒಳ್ಳೆಯ ಉದಾಹರಣೆ. ದೊಡ್ಡ ಜಾಝ್ ತಂಡಕ್ಕೆ ಸಂಗೀತ ಬರೆಯುವವರು. ಅಷ್ಟು ಜನ ವಾದ್ಯಗಾರರನ್ನು ಸೇರಿಸಿ ರೆಕಾರ್ಡ್ ಮಾಡುವುದು ಬಹಳ ದುಬಾರಿ ಕೆಲಸ. ಅವರು ಒಂದು ಆಲ್ಬಂಗೆ ಕೇಳುಗರಿಂದಲೇ ಮೊದಲೇ ಹಣ ಕೂಡಿಸಿದರು. ಬದಲಿಗೆ ಅವರಿಗೆ ಸಂಗೀತ ಹುಟ್ಟುವ ಬಗೆಯನ್ನೇ ತೆರೆದು ತೋರಿಸಿದರು. ಆ ಆಲ್ಬಂ ಅಂಗಡಿಗೆ ಬರಲೇ ಇಲ್ಲ, ಇಂಟರ್‌ನೆಟ್ಟಿನಲ್ಲೇ ಮಾರಾಟವಾಯಿತು. 2005ರಲ್ಲಿ ಗ್ರ್ಯಾಮಿ ಪಡೆಯಿತು. ಇದರಲ್ಲಿ ನನಗೆ ಪ್ರಶಸ್ತಿಗಿಂತ ಹೆಚ್ಚು ಹಿಡಿಸಿದ್ದು, ಅಭಿಮಾನಿಗಳನ್ನು ಅವರು ಅಡುಗೆಮನೆಯೊಳಕ್ಕೆ ಬಿಟ್ಟುಕೊಂಡ ರೀತಿ. ಕೇಳುಗರಿಗೆ ಕುತೂಹಲ ಇದೆ ಎಂದು ನಂಬಿದರು.

ಹಣದ ಬಗ್ಗೆ ಬರೆಯದಿದ್ದರೆ ಈ ಬರಹ ಪ್ರಾಮಾಣಿಕ ಆಗುವುದಿಲ್ಲ. ಸ್ಟ್ರೀಮಿಂಗಿನಲ್ಲಿ ಒಂದು ಸಲ ಕೇಳಿದರೆ ಇಷ್ಟು ಎಂಬ ದರ ಇಲ್ಲ. ಬಹಳಷ್ಟು ಆ್ಯಪುಗಳು ಚಂದಾ ಮತ್ತು ಜಾಹೀರಾತಿನ ಹಣವನ್ನು ಒಂದೇ ರಾಶಿಗೆ ಹಾಕುತ್ತವೆ. ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟನ್ನು ಆ ರಾಶಿಯಿಂದ ಹಂಚುತ್ತವೆ. ತಿಂಗಳಿಡೀ ನಿಮ್ಮ ಹಾಡನ್ನೇ ಕೇಳಿದ ಅಭಿಮಾನಿಯ ಚಂದಾ ಕೂಡ ಹೆಚ್ಚಾಗಿ ಬೇರೆ ಯಾರಿಗೋ ಹೋಗುತ್ತದೆ. ಸೌಂಡ್‌ಕ್ಲೌಡ್ 2021ರಲ್ಲಿ ಇದನ್ನು ಬದಲಿಸಲು ನೋಡಿತು. ಒಬ್ಬರ ಚಂದಾ ಅವರು ಕೇಳಿದವರಿಗೇ ಹೋಗಲಿ ಎಂಬ ಪದ್ಧತಿ ತಂದಿತು. ಅದು ನ್ಯಾಯ ಎಂದೇ ನನ್ನ ಅಭಿಪ್ರಾಯ. ಸ್ಪಾಟಿಫೈ 2024ರಿಂದ ಇನ್ನೊಂದು ನಿಯಮ ತಂದಿತು. ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ಹೊಸಬರಿಗೆ ಅದರಿಂದ ಹೋಗುವ ಹಣ ದೊಡ್ಡದಲ್ಲದಿರಬಹುದು. ಆದರೆ ನೀನು ಇನ್ನೂ ಲೆಕ್ಕಕ್ಕಿಲ್ಲ ಎಂದು ಹೇಳಿಸಿಕೊಂಡ ಹಾಗಾಗುತ್ತದೆ, ಅಲ್ವಾ? ಅದು ಸರಿ ಅಲ್ಲ.

ಹಾಗಾಗಿ ಬಾಳಿಕೆ ಬಂದ ಯಾರನ್ನೇ ಕೇಳಿ, ಹಣ ನಾಲ್ಕೈದು ಕಡೆಯಿಂದ ಸ್ವಲ್ಪ ಸ್ವಲ್ಪ ಬರುತ್ತಿರುತ್ತದೆ. ಕಾರ್ಯಕ್ರಮ, ಪಾಠ, ಬೇರೆಯವರ ರೆಕಾರ್ಡಿಂಗಿಗೆ ಹಾಡುವುದು, ನಾಟಕಕ್ಕೋ ಸಾಕ್ಷ್ಯಚಿತ್ರಕ್ಕೋ ಸಂಗೀತ ಮಾಡುವುದು, ರಾಯಲ್ಟಿ. ಒಂದು ಬತ್ತಿದ ವರ್ಷ ಇನ್ನೊಂದು ಹಿಡಿದುಕೊಳ್ಳುತ್ತದೆ.

ಜೊತೆಗೆ ಬೇರೆ ಕೆಲಸ ಮಾಡುವುದರ ಬಗ್ಗೆ ನಮ್ಮವರಲ್ಲಿ ಇರುವ ನಾಚಿಕೆ ನನಗೆ ಸ್ವಲ್ಪವೂ ಇಷ್ಟ ಇಲ್ಲ. ಚಾರ್ಲ್ಸ್ ಐವ್ಸ್ ವಿಮೆ ವ್ಯವಹಾರ ನಡೆಸುತ್ತಾ ರಾತ್ರಿ, ಭಾನುವಾರ ಕೂತು ಸಂಗೀತ ಬರೆದರು. 1947ರಲ್ಲಿ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಫಿಲಿಪ್ ಗ್ಲಾಸ್ ನ್ಯೂಯಾರ್ಕಿನಲ್ಲಿ ಕೊಳಾಯಿ ಕೆಲಸ ಮಾಡಿದರು, ಟ್ಯಾಕ್ಸಿ ಓಡಿಸಿದರು. 1976ರ ನವೆಂಬರಿನಲ್ಲಿ ಅವರ ಒಪೆರಾ ಮೆಟ್ರೊಪಾಲಿಟನ್ ಒಪೆರಾ ಹೌಸಿನಲ್ಲಿ ನಡೆಯಿತು. ಅದಾದ ಮೇಲೂ ಅವರು ಟ್ಯಾಕ್ಸಿಗೆ ವಾಪಸ್ ಹೋದರು. ಬಾಡಿಗೆ ಕಟ್ಟುವ ಕೆಲಸ ಬೇರೆ ಇದ್ದದ್ದರಿಂದಲೇ ಯಾರಿಗೂ ಹಿಡಿಸದ ಸಂಗೀತವನ್ನು ಇಬ್ಬರೂ ಹಟ ಹಿಡಿದು ಬರೆಯಲು ಆಯಿತು ಎಂದು ನಾನು ನಂಬುತ್ತೇನೆ. ಸಂಗೀತವೇ ಅಕ್ಕಿಬೇಳೆ ತರಬೇಕು ಎಂದು ಅದರ ಕುತ್ತಿಗೆ ಹಿಡಿದು ಕೂತರೆ ಅದು ಬೇಗ ಹೇಳಿದ ಹಾಗೆ ಕೇಳಲು ಶುರು ಮಾಡುತ್ತದೆ. ಯಾರು ಏನು ಕೇಳಿದರೂ ಕೊಡುವ ಹಾಗಾಗುತ್ತದೆ.

ದೇಹ. ಇದನ್ನು ಯಾರೂ ಹೇಳಿಕೊಡುವುದಿಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮೀರಿ ಇರಬಾರದು ಎಂಬುದು ಅಮೆರಿಕದ ಕೆಲಸದ ಜಾಗದ ಆರೋಗ್ಯ ಸಂಸ್ಥೆಯ ಸಲಹೆ. 3 ಡೆಸಿಬೆಲ್ ಏರಿದರೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. ಹಾಗೆ ಲೆಕ್ಕ ಹಾಕಿದರೆ 100 ಡೆಸಿಬೆಲ್‌ನಲ್ಲಿ ಸಿಗುವುದು 15 ನಿಮಿಷ. ಡ್ರಮ್ಸ್ ಪಕ್ಕ ನಿಂತು, ನಮ್ಮ ದನಿ ನಮಗೇ ಕೇಳಿಸಲೆಂದು ವೇದಿಕೆಯಲ್ಲಿ ಇಡುವ ಮಾನಿಟರ್ ಸ್ಪೀಕರನ್ನು ಜೋರು ಮಾಡಿಸಿಕೊಂಡು ಎರಡು ಗಂಟೆ ಹಾಡುವವರು ನಾವು. ಕಿವಿಯೊಳಗಿನ ಸೂಕ್ಷ್ಮ ಕೂದಲುಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸ್ಪಂಜಿನ ಇಯರ್‌ಪ್ಲಗ್ ಹಾಕಿದರೆ ಮೇಲಿನ ಸ್ವರಗಳು ಮಂಕಾಗುತ್ತವೆ, ಅದಕ್ಕೇ ಎಲ್ಲರೂ ತೆಗೆದು ಎಸೆಯುತ್ತಾರೆ. ಸಂಗೀತಗಾರರಿಗೆಂದೇ ಮಾಡಿದವು ಸಿಗುತ್ತವೆ. ಅವು ಎಲ್ಲ ಸ್ವರಗಳನ್ನೂ ಹೆಚ್ಚು ಕಡಿಮೆ ಒಂದೇ ಸಮ ತಗ್ಗಿಸುತ್ತವೆ. ಗಿಟಾರಿಗೆ ಹೊಸ ಪೆಡಲ್ ಕೊಳ್ಳುವ ಮೊದಲು ಅದನ್ನು ಕೊಳ್ಳಿ. ಕಾರ್ಯಕ್ರಮದ ಮರುದಿನ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಅದನ್ನು ಒಳ್ಳೆಯ ರಾತ್ರಿಯ ಗುರುತು ಎಂದುಕೊಳ್ಳಬೇಡಿ. ಗಂಟಲಿಗೂ ಕೈಗೂ ಇದೇ ಮಾತು. ನೋವಿನ ಮೇಲೆ ಸಾಧನೆ ಮಾಡಬೇಡಿ. ಪಿಯಾನೊ ವಾದಕ ಲಿಯಾನ್ ಫ್ಲೈಶರ್ ಅವರ ಬಲಗೈ ಬೆರಳುಗಳು 1960ರ ದಶಕದ ನಡುವೆ ಮಾತು ಕೇಳುವುದನ್ನು ಬಿಟ್ಟವು, ಆಗ ಅವರಿಗೆ ನಲವತ್ತೂ ಆಗಿರಲಿಲ್ಲ. ಅವರು ಎಡಗೈಗೆಂದೇ ಬರೆದ ಸಂಗೀತ ನುಡಿಸಿದರು, ಪಾಠ ಮಾಡಿದರು, ತಂಡಗಳನ್ನು ನಡೆಸಿದರು. ಎರಡೂ ಕೈಯಲ್ಲಿ ಮತ್ತೆ ಚೆನ್ನಾಗಿ ನುಡಿಸುವ ಹಾಗಾಗುವಷ್ಟರಲ್ಲಿ ಸುಮಾರು ಮೂರು ದಶಕ ಕಳೆದಿತ್ತು. ಅವರ ಪಾಠವೇ ಎಷ್ಟೋ ವಾದಕರನ್ನು ಬೆಳೆಸಿತ್ತು ಅಷ್ಟರಲ್ಲಿ. ಒಂದೇ ಬಾಗಿಲಿನ ಮೇಲೆ ಇಡೀ ಬದುಕು ನಿಲ್ಲಿಸಿರಲಿಲ್ಲ ಅವರು.

ಕೊನೆಯದಾಗಿ ಒಂದು ವಿಷಯ ಇದೆ, ಮಾತಾಡಲು ಎಲ್ಲರೂ ಹಿಂಜರಿಯುವಂಥದ್ದು. ಹಕ್ಕುಸ್ವಾಮ್ಯದ ಬಗ್ಗೆ ದೇಶಗಳು ಮಾಡಿಕೊಂಡಿರುವ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಹಾಡಿನ ಹಕ್ಕು ಕಟ್ಟಿದವರು ಸತ್ತ ಮೇಲೂ ಕನಿಷ್ಠ 50 ವರ್ಷ ಇರುತ್ತದೆ, ಬಹಳ ಕಡೆ 70. ಅಂದರೆ ನನ್ನ ಹಾಡುಗಳಿಗೆ ನನಗಿಂತ ದೊಡ್ಡ ಆಯುಷ್ಯ. ನಾನಿಲ್ಲದಾಗ ಅವನ್ನು ನೋಡಿಕೊಳ್ಳುವವರು ಯಾರು, ಯಾವ ಸಂಘಕ್ಕೆ ಬರೆಯಬೇಕು, ಯಾವ ಡಿಸ್ಟ್ರಿಬ್ಯೂಟರ್, ಯಾವ ಹಾರ್ಡ್ ಡಿಸ್ಕ್, ಯಾವ ಪಾಸ್‌ವರ್ಡ್? ಇದನ್ನೆಲ್ಲ ಈಚೆಗೆ ಬರೆದು ಪಾಲಿನ ಕಾಗದಗಳ ಜೊತೆ ಒಂದು ಫೈಲು ಮಾಡಿ ತಂಗಿಗೆ ಕೊಟ್ಟೆ. ಅವಳು ಲೆಕ್ಕಪತ್ರದ ಕೆಲಸ ಮಾಡುವವಳು. ಒಂದೊಂದೇ ಹಾಳೆ ತಿರುಗಿಸಿ ನೋಡಿದಳು, ಎರಡು ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿದಳು. ಆಮೇಲೆ ಕೇಳಿದಳು: "ಅಕ್ಕಾ, ಇದರಲ್ಲಿ ನಿಮ್ಮ ಬೇಸ್ ಗಿಟಾರಿನವರಿಗೂ 15 ಪಾಲಿದೆ. ಅವರ ಮನೆಯಲ್ಲಿ ಯಾರಿಗಾದರೂ ಇದು ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಅವರಿಗೆ ಫೋನ್ ಮಾಡಿದೆ. ಅವರ ಹೆಂಡತಿಗೂ ಮಗನಿಗೂ ಆ ಹಾಳೆಯ ವಿಷಯವೇ ತಿಳಿದಿಲ್ಲವಂತೆ. ಈ ಭಾನುವಾರ ನಾವು ನಾಲ್ವರೂ ಮನೆಯವರ ಜೊತೆ ಸೇರುತ್ತಿದ್ದೇವೆ. ಪ್ರತಿ ಹಾಡಿನ ಕಾಗದದ್ದೂ ನಾಲ್ಕು ಪ್ರತಿ ತೆಗೆಸಿಟ್ಟಿದ್ದೇನೆ.